ಸರಪಳಿಯ ಹಿಂದಿನ ತುದಿ

ಚನ್ನರಾಯಪಟ್ಟಣ ತಾಲ್ಲೂಕಿನ ಒಂದು ಕೆರೆ ಏರಿ. ಕಾರ್ತಿಕದ ಬೆಳಗು. ಒಬ್ಬರು ಸರ್ವೆ ಇಲಾಖೆಯಿಂದ ನಿವೃತ್ತರಾದ ಸೋದರಮಾವ. ಇನ್ನೊಬ್ಬಳು ಕಾಲೇಜಿನಲ್ಲಿ ತತ್ವಶಾಸ್ತ್ರ ಪಾಠ ಮಾಡುವ ಅವರ ಅಕ್ಕನ ಮಗಳು. ಮಾತು ಆಗಲೇ ಅರ್ಧ ದಾರಿ ಬಂದಿದೆ.

— ತಡಿ, ತಡಿ. ಕ್ಲಾಸಿನಲ್ಲಿ ಬಾಯಿ ಬಿಡದ ಹುಡುಗರು ಬೆಟ್ಟ ಹತ್ತುವಾಗ ಮಾತಾಡಿದರು, ಅಷ್ಟೇ ತಾನೆ ನೀನು ಹೇಳಿದ್ದು? ಅದರಲ್ಲಿ ತತ್ವಶಾಸ್ತ್ರ ಎಲ್ಲಿಂದ ಬಂತು? ಬಸ್ಸಿನಲ್ಲೂ ಮಾತಾಡ್ತಾರೆ, ಹೋಟೆಲಿನಲ್ಲೂ ಮಾತಾಡ್ತಾರೆ.

— ಮಾತಾಡಿದ್ದು ದೊಡ್ಡದಲ್ಲ ಮಾವ, ಮಾತು ಬದಲಾಯಿಸಿದರು. ಕ್ಲಾಸಿನಲ್ಲಿ ಒಬ್ಬ ಹುಡುಗ ಒಂದು ಮಾತು ಅಂದುಬಿಟ್ಟರೆ ಮುಗೀತು, ಗಂಟೆ ಹೊಡೆಯೋವರೆಗೂ ಅದನ್ನೇ ಹಿಡ್ಕೊಂಡು ಕೂರ್ತಾನೆ. ಬಿಟ್ಟರೆ ಸೋತ ಹಾಗೆ. ನಡೆಯುವಾಗ ಅದೇ ಹುಡುಗ, "ಅಲ್ಲ, ಹಾಗಲ್ಲವೇನೋ" ಅಂತ ತಾನೇ ಅಂದ. ಯಾರೂ ಅವನ ಮುಖ ನೋಡ್ತಿರಲಿಲ್ಲ. ಎಲ್ಲರ ಕಣ್ಣೂ ಕಾಲ ಕೆಳಗಿನ ಕಲ್ಲಿನ ಮೇಲೆ.

— ಏದುಸಿರು ಬಿಡೋನಿಗೆ ಹಟ ಮಾಡೋಕೆ ಉಸಿರು ಎಲ್ಲಿ ಉಳಿದಿರುತ್ತೆ?

— ನೀವು ನಗ್ತೀರಿ. ಆದರೆ ಇದು ಬಹಳ ಹಳೇ ವಿಷಯ. ಪ್ಲೇಟೋನ ಕೊನೆಗಾಲದ ಪುಸ್ತಕ 'ಲಾಸ್' ಇದೆಯಲ್ಲ, ಹನ್ನೆರಡು ಭಾಗದ್ದು, ಅದು ಶುರುವಾಗೋದೇ ಒಂದು ನಡಿಗೆಯಿಂದ. ಕ್ರೀಟ್ ದ್ವೀಪದಲ್ಲಿ ಮೂವರು ಮುದುಕರು ಕ್ನೋಸಸ್ ಊರಿನಿಂದ ಜ್ಯೂಸ್ ದೇವರ ಗುಹೆಗೆ ಹೊರಟಿರ್ತಾರೆ. ಬೇಸಿಗೆ, ದಾರಿ ದೂರ. ನೆರಳು ಸಿಕ್ಕಲ್ಲಿ ಕೂತು ಸುಧಾರಿಸಿಕೊಳ್ತಾ, ರಾಜ್ಯ ಹೇಗಿರಬೇಕು, ಕಾನೂನು ಹೇಗಿರಬೇಕು ಅಂತ ಮಾತಾಡ್ತಾ ಹೋಗೋಣ ಅಂತ ಒಪ್ಪಂದ. ಒಬ್ಬ ಕ್ರೀಟಿನವನು, ಒಬ್ಬ ಸ್ಪಾರ್ಟಾದವನು, ಇನ್ನೊಬ್ಬ ಅಥೆನ್ಸಿನವನು. ಆ ಅಥೆನ್ಸಿನವನಿಗೆ ಹೆಸರೇ ಇಲ್ಲ.

— ಗುಹೆ ಸಿಕ್ಕಿತೋ?

— ಪುಸ್ತಕ ಮುಗಿಯುತ್ತೆ, ಗುಹೆ ಬರೋದಿಲ್ಲ.

— ಮೂವರೂ ಸಮಸಮವಾಗಿ ಮಾತಾಡಿದರೋ?

— ಎಲ್ಲಿಯ ಸಮ! ಅಥೆನ್ಸಿನವನದೇ ಹೆಚ್ಚು. ಸ್ಪಾರ್ಟಾದವನು ಅಪರೂಪಕ್ಕೆ ಬಾಯಿ ಬಿಡ್ತಾನೆ.

— ಅವನು ಮಹಜರಿಗೆ ರುಜು ಹಾಕೋಕೆ ಬಂದಿರೋನು. ಯಾವ ಅಳತೆಗೂ ಅಂಥವನೊಬ್ಬ ಬೇಕಾಗ್ತಾನೆ. ಅದಿರಲಿ, ನನ್ನದೊಂದು ತಕರಾರು ಇದೆ. ನಡೆಯೋದರಿಂದಲೇ ತತ್ವ ಹುಟ್ಟೋದಾದರೆ, ಈ ಏರಿ ಮೇಲೆ ದಿನಾ ಕುರಿ ಹೊಡ್ಕೊಂಡು ಹೋಗೋರು, ತಲೆ ಮೇಲೆ ಹುಲ್ಲಿನ ಹೊರೆ ಹೊತ್ತು ಬರೋ ಹೆಂಗಸರು ನಿನ್ನ ಪುಸ್ತಕದಲ್ಲಿ ಯಾಕೆ ಇಲ್ಲ? ನಡಿಗೆ ದೊಡ್ಡದು ಅಂತ ಬರೆದೋರೆಲ್ಲ ನಡೆಯಲೇಬೇಕಾದ ದರ್ದು ಇಲ್ಲದೋರು ಅಂತ ನನ್ನ ಗುಮಾನಿ.

— ಗುಮಾನಿ ಸರಿಯಾಗೇ ಇದೆ. ಹೊರೆ ಹೊತ್ತೋರು ಯೋಚನೆ ಮಾಡಲಿಲ್ಲ ಅಂತಲ್ಲ, ಅವರ ಮಾತನ್ನ ಯಾರೂ ಬರೆದಿಡಲಿಲ್ಲ. ಅದಕ್ಕೆ ನನ್ನದೂ ಒಂದು ಸೇರಿಸಿಕೊಳ್ಳಿ. ರೂಸೋ ಕೊನೆಗೆ ಬರೆದ ಪುಸ್ತಕದಲ್ಲಿ ಅಧ್ಯಾಯಗಳಿಲ್ಲ, ಹತ್ತು ನಡಿಗೆಗಳಿವೆ. ಹತ್ತನೆಯದು ಮುಗಿಯೋ ಮೊದಲೇ 1778ರಲ್ಲಿ ತೀರಿಕೊಂಡ. ನೀಚೆ 1881ರ ಆಗಸ್ಟಿನಲ್ಲಿ ಸ್ವಿಟ್ಜರ್ಲೆಂಡಿನ ಸಿಲ್ವಾಪ್ಲಾನಾ ಸರೋವರದ ದಂಡೆಯಲ್ಲಿ ಅಡ್ಡಾಡ್ತಾ ಒಂದು ದೊಡ್ಡ ಬಂಡೆ ಹತ್ತಿರ ನಿಂತನಂತೆ. ನಡೆದದ್ದೆಲ್ಲ ಮತ್ತೆ ಮತ್ತೆ ನಡೆಯುತ್ತೆ ಅನ್ನೋ ಯೋಚನೆ ಅಲ್ಲಿ ಬಂತು ಅಂತ ಅವನೇ ಹೇಳ್ತಾನೆ. ಇಬ್ಬರೂ ಒಂಟಿ. ನಾನು ಈ ಏರಿ ಮೇಲೆ ಒಬ್ಬಳೇ ಹೊರಟರೆ ತೂಬು ದಾಟೋದರೊಳಗೆ "ಯಾರ ಮಗಳಮ್ಮ, ಎಲ್ಲಿಗೆ, ಯಾಕೆ ಒಬ್ಬಳೇ" ಅಂತ ವಿಚಾರಣೆ ಆಗುತ್ತೆ. ಇನ್ನು ಬಂಡೆ ಹತ್ತಿರ ನಿಂತು ಯೋಚನೆ ಮಾಡಿದರಂತೂ ಮನೆಗೇ ಸುದ್ದಿ.

— ಮೊದಲು ನಿಮ್ಮತ್ತೆಗೆ ಹೋಗೋದು.

— ಹೂಂ, ಅದಕ್ಕೇ ಒಂಟಿ ನಡಿಗೆ ಮೇಲೆ ನನಗೆ ಅಷ್ಟು ಮೋಹ ಇಲ್ಲ. ಸಾಕ್ರಟೀಸನಿಗೂ ಇರಲಿಲ್ಲ. 'ಫೀಡ್ರಸ್' ಸಂವಾದದಲ್ಲಿ ಅವನು ಅಪರೂಪಕ್ಕೆ ಅಥೆನ್ಸಿನ ಕೋಟೆ ಆಚೆ ಹೋಗ್ತಾನೆ, ಇಲಿಸಸ್ ಹೊಳೆಯ ನೀರಿನಲ್ಲಿ ಬರಿಗಾಲಲ್ಲಿ. ಹೋಗಿದ್ದೂ ಯಾಕೆ? ಜೊತೆಗಿದ್ದ ಗೆಳೆಯ ಬಟ್ಟೆಯೊಳಗೆ ಒಂದು ಭಾಷಣದ ಸುರುಳಿ ಮುಚ್ಚಿಟ್ಟುಕೊಂಡಿದ್ದ, ಅದರ ಆಸೆಗೆ. ಹೊಲ, ಮರ ನನಗೇನೂ ಕಲಿಸೋದಿಲ್ಲ, ಕಲಿಸೋರು ಊರಿನ ಜನ ಅಂತ ಬೇರೆ ಅಂತಾನೆ.

— ಆಮೇಲೆ ಎಷ್ಟು ದೂರ ನಡೆದರು?

— ಒಂದು ಮರ ಸಿಗೋವರೆಗೆ. ಅಲ್ಲಿ ಇವನು ಮಲಗ್ತಾನೆ, ಅವನು ಓದ್ತಾನೆ.

— ನೋಡು ಮತ್ತೆ! ನಡೆದದ್ದಕ್ಕಿಂತ ಮಲಗಿದ್ದೇ ಹೆಚ್ಚು. ನಿನ್ನ ಸಾಕ್ಷಿಗಳೆಲ್ಲ ನನ್ನ ಕಡೆಗೇ ವಾಲ್ತಿದಾರೆ.

— ಇನ್ನೊಂದು ಸಾಕ್ಷಿಯನ್ನೂ ನಿಮಗೇ ಕೊಡ್ತೀನಿ. 2014ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಮಾಡಿದ ಒಂದು ಅಧ್ಯಯನ ಹೊರಗೆ ಬಂತು. ದಿನಬಳಕೆಯ ಒಂದು ಸಾಮಾನನ್ನ ಬೇರೆ ಯಾವ್ಯಾವುದಕ್ಕೆ ಉಪಯೋಗಿಸಬಹುದು ಅಂತ ಕೇಳಿದರೆ, ಕೂತಿದ್ದೋರಿಗಿಂತ ನಡೀತಿದ್ದೋರಿಗೆ ಹೊಸ ಉತ್ತರ ಹೆಚ್ಚು ಹೊಳೀತು. ಹೊರಗೆ ಹೋಗಬೇಕು ಅಂತಲೂ ಇರಲಿಲ್ಲ. ಬರೀ ಗೋಡೆಗೆ ಮುಖ ಮಾಡಿ ಟ್ರೆಡ್‌ಮಿಲ್ ಮೇಲೆ ನಡೆದೋರಿಗೂ ಹೊಳೀತು. ಆದರೆ ಒಂದೇ ಸರಿಯುತ್ತರ ಇರೋ ಪ್ರಶ್ನೆ ಕೊಟ್ಟಾಗ ಕೂತೋರೇ ಒಂದು ಕೈ ಮೇಲೆ.

— ಹಾಗಾದರೆ ಈ ಕೆರೆ, ಬೆಳ್ಳಕ್ಕಿ, ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಹುಚ್ಚೆಳ್ಳಿನ ಹಳದಿ, ಯಾವುದೂ ಬೇಡ. ಸುಣ್ಣ ಬಳಿದ ಗೋಡೆ ಸಾಕು.

— ಹೊಸದು ಹೊಳೆಯೋಕೆ ಗೋಡೆ ಸಾಕು. ಹೊಳೆದದ್ದರಲ್ಲಿ ಜಳ್ಳೆಷ್ಟು ಕಾಳೆಷ್ಟು ಅಂತ ತೂರಿ ನೋಡೋಕೆ ಸಾಲದು. ನಾನು ತತ್ವಶಾಸ್ತ್ರ ಅನ್ನೋದು ಆ ಎರಡನೇ ಕೆಲಸಕ್ಕೆ. ಅದಕ್ಕೆ ಪಕ್ಕದಲ್ಲಿ ಒಬ್ಬರು ಬೇಕು. 1922ರ ಜೂನ್‌ನಲ್ಲಿ ಜರ್ಮನಿಯ ಗಟಿಂಗನ್ ಊರಿನಲ್ಲಿ ನೀಲ್ಸ್ ಬೋರ್ ಉಪನ್ಯಾಸಮಾಲೆ ನಡೆಸಿದರು. ಕೇಳೋಕೆ ಕೂತಿದ್ದೋರೆಲ್ಲ ಘಟಾನುಘಟಿಗಳು. ಅವರ ಮಧ್ಯೆ 20 ವರ್ಷದ ಹುಡುಗನೊಬ್ಬ ಎದ್ದು, ನೀವು ಹೇಳಿದ ಈ ಲೆಕ್ಕ ನನಗೆ ಒಪ್ಪಿಗೆ ಆಗ್ತಿಲ್ಲ ಅಂದ. ವರ್ನರ್ ಹೈಸನ್‌ಬರ್ಗ್. ಬೋರ್ ಸ್ವಲ್ಪ ತಡವರಿಸಿ ಏನೋ ಉತ್ತರ ಕೊಟ್ಟರು. ಸಭೆ ಮುಗಿದ ಮೇಲೆ ತಾವೇ ಹುಡುಗನ ಹತ್ತಿರ ಬಂದು, ಮಧ್ಯಾಹ್ನ ಹೈನ್‌ಬರ್ಗ್ ಗುಡ್ಡದ ಮೇಲೆ ಒಂದು ಸುತ್ತು ಹೋಗಿಬರೋಣವಾ ಅಂದರು. ಗುಡ್ಡದ ಮೇಲೆ ಮಾತು ಆ ಲೆಕ್ಕವನ್ನ ದಾಟಿ, ಪರಮಾಣುವಿನ ಒಳಗನ್ನ ಹೇಳೋ ಶಕ್ತಿ ನಮ್ಮ ಭಾಷೆಗೆ ಇದೆಯಾ ಅನ್ನೋವರೆಗೆ ಹೋಯಿತು. ವಿಜ್ಞಾನಿಯಾಗಿ ತನ್ನ ನಿಜವಾದ ಬೆಳವಣಿಗೆ ಶುರುವಾದದ್ದು ಆ ಮಧ್ಯಾಹ್ನ ಅಂತ ಹೈಸನ್‌ಬರ್ಗ್ ಆಮೇಲೆ ಬರೆದರು.

— ಇದು ಒಪ್ಪೋ ಮಾತು. ನನ್ನ ಕಸುಬಿನಲ್ಲೇ ನೋಡಿದೀನಿ. ಹದ್ದುಬಸ್ತಿಗೆ ಅರ್ಜಿ ಕೊಟ್ಟಿರೋ ಅಣ್ಣತಮ್ಮಂದಿರು ತಾಲ್ಲೂಕು ಕಚೇರಿಯಲ್ಲಿ ಒಂದು ಆಣೆ ಜಾಗವನ್ನೂ ಬಿಟ್ಟುಕೊಡಲ್ಲ. ಅಲ್ಲಿ ಲಾಯರು ಇರ್ತಾನೆ, ಗುಮಾಸ್ತ ಇರ್ತಾನೆ, ಬೀಗರು ಬಿಜ್ಜರು ಇರ್ತಾರೆ. ಅದೇ ಇಬ್ಬರನ್ನ ಜಮೀನಿಗೆ ಕರ್ಕೊಂಡು ಬಂದು, ಗಡಿ ಗುಂಟ ನಾಲ್ಕೂ ಮೂಲೆ ಸುತ್ತಿಸು. ಎರಡನೇ ಮೂಲೆಗೆ ಬರೋವಷ್ಟರಲ್ಲಿ ಒಬ್ಬ, "ಈ ಹುಣಸೆ ಮರ ಅಪ್ಪಯ್ಯ ನೆಟ್ಟಿದ್ದಲ್ವಾ" ಅಂತಾನೆ. ಮೂರನೇ ಮೂಲೆಯಲ್ಲಿ ಇನ್ನೊಬ್ಬ, "ಹೋಗ್ಲಿ ಬಿಡಿ ಸ್ವಾಮಿ, ಮರದಿಂದಾಚೆ ಅವನಿಗೇ ಇರಲಿ" ಅಂತಾನೆ. ಎಲ್ಲರೂ ಅಲ್ಲ. ಮರ ಸುತ್ತಿಕೊಂಡೇ ಹೊಡೆದಾಡಿದೋರನ್ನೂ ಕಂಡಿದೀನಿ.

— ಹುಣಸೆ ಮರ ಮಧ್ಯೆ ಬಂತಲ್ಲ, ಅದು ಗೋಡೆ ಮಾಡದ ಕೆಲಸ. ಇಬ್ಬರಲ್ಲಿ ಯಾರೂ ಅದನ್ನ ವಾದಕ್ಕೆ ಅಂತ ತಂದಿರಲಿಲ್ಲ, ಅದು ಅಲ್ಲೇ ಇತ್ತು. ಇನ್ನೊಂದು, ನಡೆಯುವಾಗ ಒಂದು ಪ್ರಶ್ನೆಗೆ ಒಂದು ಫರ್ಲಾಂಗು ಬಿಟ್ಟು ಉತ್ತರ ಹೇಳಬಹುದು. ಕೋಣೆಯಲ್ಲಿ ಅಷ್ಟು ಹೊತ್ತು ಸುಮ್ಮನಿದ್ದರೆ ಏನೋ ಮನಸ್ತಾಪ ಅಂದ್ಕೊಳ್ತಾರೆ. ಅಯ್ಯೋ, ಮಾವ, ಇಲ್ಲಿ ದಾರಿ ಇತ್ತಲ್ಲ? ತಂತಿಬೇಲಿ ಬಂದುಬಿಟ್ಟಿದೆ.

— ನಕಾಶೆಯಲ್ಲಿ ಈಗಲೂ ಇದೆ. ಜೋಡಿ ಗೆರೆ, ತುಂಡು ತುಂಡಾಗಿ. ಅಂದರೆ ಬಂಡಿ ದಾರಿ. ಒಂಟಿ ಗೆರೆ ಆದರೆ ಕಾಲುದಾರಿ.

— ಯಾರು ಮುಚ್ಚಿದ್ದು?

— ಇಂಥವನೇ ಅಂತ ಹೇಳೋಕಾಗಲ್ಲ. ಪ್ರತಿ ವರ್ಷ ಉಳುವಾಗ ನೇಗಿಲು ಒಂದು ಸಾಲು ಆಚೆ ಹೋಗುತ್ತೆ, ಎರಡೂ ಕಡೆಯಿಂದ. ಎತ್ತಿನ ಗಾಡಿ ಇರೋವರೆಗೆ ಗಾಡಿಯವನು ಜಗಳ ಆಡ್ತಿದ್ದ. ಈಗ ಟ್ರ್ಯಾಕ್ಟರು ಟಾರು ರೋಡಿಂದ ಸುತ್ತಿ ಬರುತ್ತೆ, ಕೇಳೋರಿಲ್ಲ. ಕೊನೆಗೊಂದು ದಿನ ಒಬ್ಬ ಅಡಿಕೆ ಸಸಿ ನೆಟ್ಟು ತಂತಿ ಹೊಡೀತಾನೆ. ಬಾ, ಈ ಬದುವಿನ ಮೇಲೆ ಹೋಗೋಣ. ನೀನು ಮುಂದೆ ನಡಿ. ರಾಗಿ ತೆನೆ ಬದುವಿಗೆ ಬಾಗಿದೆ, ನೋಡ್ಕೊಂಡು ಕಾಲಿಡು, ತುಳಿದುಬಿಟ್ಟೀಯ.

— ಏನಂದಿರಿ?

— ತೆನೆ! ತುಳೀಬೇಡ!

— ನೋಡಿದಿರಾ, ಹಿಂದೆ ಮುಂದೆ ಆದ ಕೂಡಲೆ ಅಷ್ಟುದ್ದದ ಮಾತು ಎರಡೇ ಪದಕ್ಕೆ ಇಳೀತು. ನಾನು ಗಾಳಿಗೆ ಹೇಳ್ತೀನಿ, ನಿಮಗೆ ಅರ್ಧ ಕೇಳುತ್ತೆ. ಮತ್ತೊಂದು ಸಲ ಹೇಳೋವಾಗ ಬೇಡದ್ದೆಲ್ಲ ಉದುರಿ ಹೋಗಿರುತ್ತೆ. ನಮ್ಮ ಸೆಮಿನಾರುಗಳನ್ನ ಬದುವಿನ ಮೇಲೆ ನಡೆಸಬೇಕು.

— ಹಿಂದಿರೋನಿಗೆ ಇನ್ನೂ ಒಂದು ಲಾಭ ಇದೆ. ನಿನ್ನ ನಡಿಗೆ ನನಗೆ ಕಾಣುತ್ತೆ, ನಿನಗೆ ಕಾಣಲ್ಲ. ಎಡಗಾಲನ್ನ ಸ್ವಲ್ಪ ಆಚೆ ಎಸೆದು ಹಾಕ್ತೀಯ, ನಿಮ್ಮಮ್ಮನ ಹಾಗೇ.

— ಹೌದಾ? ಯಾರೂ ಹೇಳಿರಲಿಲ್ಲ.

— ಹೇಳೋಕೆ ಯಾರಾದರೂ ಹಿಂದೆ ನಡೀಬೇಕಲ್ಲ. ನಮ್ಮ ಅಳತೆ ಸರಪಳಿಯ ಗುಟ್ಟೂ ಇಷ್ಟೇ. ನೀನು ನೋಡಿಲ್ಲ ಅಂತ ಕಾಣುತ್ತೆ. ಈಗೆಲ್ಲ ಮೆಷಿನ್ನು ಬಂದಿದೆ. 33 ಅಡಿ ಉದ್ದದ ಕಬ್ಬಿಣದ ಸರಪಳಿ, ಅದರಲ್ಲಿ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಅಂದರೆ ಒಂದು ಗುಂಟೆ. 40 ಗುಂಟೆಗೆ ಎಕರೆ. ಎರಡು ತುದಿಗೂ ಹಿತ್ತಾಳೆ ಹಿಡಿ. ದೂರದಲ್ಲಿ ಕೆಂಪು ಬಿಳಿ ಬಣ್ಣದ ಕೋಲು ನೆಟ್ಟಿರ್ತೀವಿ, ಅಲ್ಲಿಗೆ ನೇರ ಹೋಗಬೇಕು. ಮುಂದಿನವನು ಹಿಡಿ ಎಳೆದುಕೊಂಡು ನಡೀತಾನೆ. ನೇರವಾಗೇ ಹೋಗ್ತಿದೀನಿ ಅಂತ ಅವನು ಪ್ರಮಾಣ ಮಾಡ್ತಾನೆ, ಸುಳ್ಳೂ ಅಲ್ಲ, ಅವನಿಗೆ ಹಾಗೇ ಕಾಣೋದು. ಆದರೆ ಒಂದು ಪೊದೆ ತಪ್ಪಿಸಿದ, ಒಂದು ಕಲ್ಲು ಹಾರಿದ, ಅಷ್ಟಕ್ಕೇ ಅರ್ಧ ಗೇಣು ಆಚೆ ಸರಿದಿರ್ತಾನೆ. ಅದು ಕಾಣೋದು ಹಿಂದಿನವನಿಗೆ ಮಾತ್ರ. ಅವನು ಹಿಂದಿನ ಹಿಡಿಯನ್ನ ಗೂಟಕ್ಕೆ ಒತ್ತಿ ಕೂತು, ಒಂದು ಕಣ್ಣು ಮುಚ್ಚಿ, ಮುಂದಿನವನ ತಲೆಯ ಆಚೆ ಕೋಲನ್ನ ನೋಡ್ತಾನೆ. ಎಡಕ್ಕೆ, ಇನ್ನೂ ಎಡಕ್ಕೆ, ಅಂತ ಕೈ ಆಡಿಸ್ತಾನೆ. ಮುಂದಿನವನು ಸರಪಳಿ ಒದರಿ, ಬಿಗಿ ಮಾಡಿ, ಹೇಳಿದ ಜಾಗಕ್ಕೆ ಗುರುತಿನ ಕಡ್ಡಿ ಚುಚ್ಚಬೇಕು. ಆಮೇಲೇ ಮುಂದಿನ ಹೆಜ್ಜೆ.

— ಇದನ್ನ ನೀವು ಮೊದಲೇ ಹೇಳಿದ್ದರೆ ಪ್ಲೇಟೋನ ಮುದುಕರನ್ನ ಕರೆದು ತರೋ ಶ್ರಮ ತಪ್ತಿತ್ತು. ನಾನು ಪಕ್ಕಪಕ್ಕದಲ್ಲಿ ನಡೆಯೋದನ್ನೇ ಹಿಡ್ಕೊಂಡಿದ್ದೆ. ಮುಖ ನೋಡಬೇಕಾಗಿಲ್ಲ ಅನ್ನೋದಷ್ಟೇ ಅಲ್ಲ ಹಾಗಾದರೆ ಲಾಭ. ನನ್ನ ಯೋಚನೆ ಸೊಟ್ಟ ಹೋದದ್ದು ನನಗೆ ಒಳಗಿನಿಂದ ನೇರವಾಗೇ ಕಾಣುತ್ತೆ. ಎಷ್ಟು ಜಾಣತನ ಇದ್ದರೂ ಅಷ್ಟೇ, ನನ್ನ ಬೆನ್ನು ನನಗೆ ಕಾಣಲ್ಲ.

— ಆದರೆ ಕೋಲು ಮರೀಬೇಡ. ಹಿಂದಿನವನ ಇಷ್ಟದ ಪ್ರಕಾರ ಎಡ ಬಲ ಅಲ್ಲ ಅದು. ಇಬ್ಬರಿಗೂ ಕಾಣೋ ಹಾಗೆ ದೂರದಲ್ಲಿ ಒಂದು ನೆಟ್ಟಿರಬೇಕು.

— ಪ್ರಶ್ನೆಯನ್ನ ಹಾಗೆ ನೆಡಬೇಕು ಅಂತೀರಿ.

— ನೀನು ಏನು ಬೇಕಾದರೂ ನೆಟ್ಟುಕೋ. ನಾನು ಕೋಲಿನ ಮಾತಾಡಿದೆ. ಎದುರಿಗೆ ಒಂದು ತಕರಾರೂ ಇಟ್ಕೊಂಡಿದೀನಿ. 1993ರ ಮಹಾಮಸ್ತಕಾಭಿಷೇಕದ ಹೊತ್ತಿಗೆ ನಾನು ಶ್ರವಣಬೆಳಗೊಳದ ಕಡೆಯೇ ಕೆಲಸದಲ್ಲಿದ್ದೆ. ಮುನಿಗಳು ಎಲ್ಲೆಲ್ಲಿಂದಲೋ ನಡೆದೇ ಬರ್ತಿದ್ದರು, ಕೈಯಲ್ಲಿ ನವಿಲುಗರಿಯ ಪಿಂಛಿ, ಕಮಂಡಲು, ಬರಿಗಾಲು. ಅವರ ಕಣ್ಣು ನಾಲ್ಕು ಮೊಳದಾಚೆ ಹೋಗ್ತಿರಲಿಲ್ಲ, ನೆಲದ ಮೇಲೇ. ಒಂದು ದಿನ ಅಳತೆ ಮುಗಿಸಿ ಬರೋವಾಗ ಒಬ್ಬರ ಜೊತೆ ಸ್ವಲ್ಪ ದೂರ ನಡೆದೆ. ಏನೋ ಕೇಳಿದೆ. ಅವರು ನಿಂತರು. ದಾರಿ ಪಕ್ಕಕ್ಕೆ ಸರಿದು, ನಿಂತು, ಪೂರ್ತಿ ಉತ್ತರ ಹೇಳಿ, ಆಮೇಲೆ ನಡೆದರು. ಮತ್ತೆ ಕೇಳಿದೆ, ಮತ್ತೆ ನಿಂತರು. ನಡೆಯೋದು, ಮಾತಾಡೋದು ಅವರಿಗೆ ಎರಡು ಬೇರೆ ಕೆಲಸ.

— ಈರ್ಯಾ ಸಮಿತಿ ಅಂತಾರೆ ಅದನ್ನ, ಯಾವ ಜೀವಕ್ಕೂ ನೋವಾಗದ ಹಾಗೆ ನಡೆಯೋ ಎಚ್ಚರ. ಶ್ವೇತಾಂಬರರ 'ಉತ್ತರಾಧ್ಯಯನ ಸೂತ್ರ'ದಲ್ಲಂತೂ, ನಡೆಯುವಾಗ ಶಾಸ್ತ್ರದ ಅಧ್ಯಯನವನ್ನೂ ಬದಿಗಿಡಬೇಕು ಅಂತಿದೆ. ನೀವು ಹೇಳಿದ್ದು ನನ್ನ ವಾದಕ್ಕೆ ದೊಡ್ಡ ಪೆಟ್ಟೇ, ಒಪ್ಕೊಳ್ತೀನಿ. ನಾವು ಯೋಚನೆ ಅಂತ ಕರೆಯೋ ಈ ಹರಟೆಯಲ್ಲಿ ಎಷ್ಟು ಇರುವೆ ತುಳಿದಿದೀವೋ. ಆದರೆ ಅದೇ ಬೆಳಗೊಳದ ಬೆಟ್ಟದ ಮೇಲೆ ನಿಂತಿದಾನಲ್ಲ ಬಾಹುಬಲಿ, ಅವನು ನನ್ನ ಕಡೆ.

— ನಡೆಯದೇ ನಿಂತವನು ನಿನ್ನ ಕಡೆ ಹೇಗೆ? ಕಾಲಿಗೆ ಬಳ್ಳಿ ಹಬ್ಬೋವರೆಗೆ ನಿಂತವನು!

— ಒಂದು ವರ್ಷ ನಿಂತ. ಆದರೂ ಕೇವಲಜ್ಞಾನ ಬರಲಿಲ್ಲ. ಯಾಕೆ ಬರಲಿಲ್ಲ ಅನ್ನೋ ಕಥೆ ಸರ್ವೆಯವರಿಗೆ ಗೊತ್ತಿರಬೇಕಲ್ಲ.

— ಗೊತ್ತಿಲ್ಲದೇ ಏನು! ರಾಜ್ಯ ಎಲ್ಲ ಬಿಟ್ಟುಬಂದ, ಆದರೂ ನನ್ನ ಎರಡು ಪಾದ ಊರಿರೋ ಜಾಗ ಅಣ್ಣ ಭರತನದೇ ಅಲ್ಲವಾ ಅನ್ನೋ ಮುಳ್ಳು ಮನಸ್ಸಲ್ಲಿ ಉಳಿದಿತ್ತಂತೆ. ಎರಡು ಪಾದದ ಜಾಗ, ಒಂದು ಆಣೆಯೂ ಇಲ್ಲ. ಆ ಕಥೆ ನಮ್ಮ ಕಚೇರಿಯಲ್ಲಿ ದಿನಾ ನಡೀತಿತ್ತು.

— ಆ ಮುಳ್ಳು ಹೋದದ್ದು ಭರತನೇ ಬಂದು ನಮಸ್ಕಾರ ಮಾಡಿದ ಮೇಲೆ. ಶ್ವೇತಾಂಬರರ ಕಥೆಯಲ್ಲಿ ಭರತನಲ್ಲ, ಸೋದರಿಯರಾದ ಬ್ರಾಹ್ಮಿ, ಸುಂದರಿ ಬರ್ತಾರೆ. ಆನೆ ಮೇಲಿಂದ ಇಳಿ ಅಂತಾರೆ. ಯಾವ ಆನೆ ಅಂತ ಯೋಚನೆ ಮಾಡಿದಾಗ ತನ್ನ ಅಹಂಕಾರದ್ದೇ ಅಂತ ಅವನಿಗೆ ಹೊಳೆಯುತ್ತೆ. ಎರಡು ಕಥೆ, ಮುಳ್ಳೂ ಬೇರೆ ಬೇರೆ. ಎರಡರಲ್ಲೂ ನಿಂತವನಿಗೆ ತನ್ನದು ಕಾಣಲಿಲ್ಲ, ನಡೆದು ಬಂದೋರಿಗೆ ಕಂಡಿತು.

— ಇಷ್ಟು ಬೇಗ ಗೆದ್ದೆ ಅಂದ್ಕೋಬೇಡ.

— ಇಲ್ಲ, ಗೆಲ್ಲೋಕೆ ನನಗೇ ಅನುಮಾನ ಇದೆ. ಗುಡ್ಡದ ಮೇಲೆ ನಡೆದರಲ್ಲ ಬೋರ್ ಮತ್ತೆ ಹೈಸನ್‌ಬರ್ಗ್, ಅವರಿಬ್ಬರೇ 1941ರ ಸೆಪ್ಟೆಂಬರಿನಲ್ಲಿ ಮತ್ತೆ ಸೇರಿದರು, ಕೋಪನ್‌ಹೇಗನ್‌ನಲ್ಲಿ. ಆಗ ಆ ಊರು ಜರ್ಮನಿಯ ಕೈಯಲ್ಲಿತ್ತು. ಅಣುಬಾಂಬಿನ ಮಾತು ಬಂತು. ನಡೆದಾಡ್ತಾ ಮಾತಾಡಿದೆವು ಅಂತ ಹೈಸನ್‌ಬರ್ಗ್ ನೆನಪು. ನನ್ನ ಸಂಸ್ಥೆಯ ಕೋಣೆಯಲ್ಲಿ ಅಂತ ಬೋರ್ ನೆನಪು. ಯಾರು ಏನಂದರು ಅನ್ನೋದಂತೂ ಕೊನೆಯವರೆಗೂ ಹೊಂದಲಿಲ್ಲ. ಸ್ನೇಹ ಮೊದಲಿನ ಹಾಗೆ ಉಳಿಯಲಿಲ್ಲ.

— ಹೇಗೆ ಉಳಿಯುತ್ತೆ? ಒಬ್ಬನ ಊರನ್ನ ಇನ್ನೊಬ್ಬನ ದೇಶ ಹಿಡ್ಕೊಂಡು ಕೂತಿದೆ. ಹಿಂದಿನವನು ಎಡಕ್ಕೆ ಅಂದರೆ ಎಡಕ್ಕೆ ಹೋಗ್ತೀನಿ ಅನ್ನೋ ನಂಬಿಕೆ ಮೊದಲು ಬೇಕು. ನಡಿಗೆ ಅದನ್ನ ತಂದುಕೊಡಲ್ಲ, ಇದ್ದದ್ದನ್ನ ಬಳಸಿಕೊಳ್ಳುತ್ತೆ ಅಷ್ಟೇ.

— ಹಾಗಾದರೆ ನಿಮ್ಮ ಕುರಿಗಾಹಿಗಳ ಪ್ರಶ್ನೆಗೇ ವಾಪಸ್ ಹೋಗಬೇಕು. ಜೊತೆಗೆ ನಡೆಯೋಣ ಅನ್ನೋದೇ ಎಲ್ಲರಿಗೂ ಸಿಗೋ ಮಾತಲ್ಲ. 1924ರ ಮಾರ್ಚ್ 30ರಂದು ಕೇರಳದ ವೈಕಂನಲ್ಲಿ ಮೂವರು ನಡೆದರು, ಒಬ್ಬ ನಾಯರ್, ಒಬ್ಬ ಈಳವ, ಒಬ್ಬ ಪುಲಯ. ದೇವಸ್ಥಾನದ ಸುತ್ತಿನ ರಸ್ತೆಯಲ್ಲಿ ಕೆಳಜಾತಿಯವರು ಬರಬಾರದು ಅಂತ ಬೋರ್ಡು. ಪೊಲೀಸರು ಜಾತಿ ಕೇಳಿದರು. ನಾಯರ್‌ಗೆ ತಡೆ ಇರಲಿಲ್ಲ, ಅವನೊಬ್ಬ ಹೋಗಬಹುದಿತ್ತು. ಹೋದರೆ ಮೂವರೂ ಒಟ್ಟಿಗೇ ಅಂದರು. ಮೂವರನ್ನೂ ಹಿಡಿದರು. ಮುದುಕರು ಮೂವರು ಕಾನೂನಿನ ಬಗ್ಗೆ ಹನ್ನೆರಡು ಭಾಗ ಮಾತಾಡಿದರು. ಇವರು ಬಹುಶಃ ನಾಲ್ಕು ಮಾತೂ ಆಡಲಿಲ್ಲ. ಯಾವುದು ದೊಡ್ಡ ತತ್ವಶಾಸ್ತ್ರ ಅಂದರೆ ನಾನು ಎರಡನೆಯದೇ ಅಂತೀನಿ.

— ಸರಪಳಿಯೂ ಇದನ್ನ ಕಂಡಿದೆ. ಎಳೆಯೋ ಕೆಲಸ ಯಾವಾಗಲೂ ತೋಟಿ ತಳವಾರರದ್ದು. ನಾನು ಸೇರಿದ ಹೊಸದರಲ್ಲಿ ಹಿರಿಯ ಸರ್ವೆಯರು ಒಬ್ಬರು ಹೇಳ್ತಿದ್ದರು, ಅವರ ಕಾಲಕ್ಕೆ ಕೆಲವು ಊರಲ್ಲಿ ಅಳತೆ ದೇವಸ್ಥಾನದ ಬೀದಿಗೆ ಬಂದರೆ ಸರಪಳಿಯ ಮುಂದಿನ ತುದಿ ಕೈ ಬದಲಾಗ್ತಿತ್ತಂತೆ. ಹೊಲದಲ್ಲೆಲ್ಲ ಎಳೆದವನು ಬೀದಿ ಬಾಯಲ್ಲಿ ಹಿಡಿಯನ್ನ ನೆಲದ ಮೇಲೆ ಇಡ್ತಿದ್ದ. ಬೇರೆಯವನು ನೆಲದಿಂದ ಎತ್ಕೊಳ್ತಿದ್ದ. ಕೈಯಿಂದ ಕೈಗೆ ಅಲ್ಲ.

— ಆ ಬೀದಿಯ ಅಳತೆ ಮಾತ್ರ ಸರಿಯಾಗೇ ಬಂದಿರುತ್ತೆ.

— ಆಣೆ ತಪ್ಪಿರಲ್ಲ. ಟಿಪ್ಪಣಿಯಲ್ಲಿ ಇದೆಲ್ಲ ಬರೆಯೋಕೆ ಜಾಗ ಎಲ್ಲಿ? ಹುಷಾರು, ಇಲ್ಲಿ ಬದು ಕುಸಿದಿದೆ, ಕೈ ಕೊಡು. ಹುಡುಗರನ್ನ ಇಲ್ಲಿಗೆ ಕರ್ಕೊಂಡು ಬರ್ತೀನಿ ಅಂದೆಯಲ್ಲ, ಯಾವಾಗ?

— ರಾಗಿ ಕೊಯ್ಲಿನೊಳಗೆ. ಆದರೆ ನಾನು ಎಲ್ಲಿ ನಡೀಬೇಕು ಅನ್ನೋದು ಬಗೆಹರಿದಿಲ್ಲ.

— ಅದರಲ್ಲೇನಿದೆ? ಅನುಭವ ಇರೋನು ಹಿಂದಿನ ತುದಿಗೆ. ನಮ್ಮ ಪದ್ಧತಿ ಅದೇ.

— ಹಿಂದೆ ಕೂತು ಎಡ, ಬಲ ಅನ್ನೋದು ಮೇಷ್ಟರ ಹಳೇ ಕೆಲಸ. ಕ್ಲಾಸಿನಲ್ಲಿ ಮಾಡ್ತಿರೋದೂ ಅದೇ ಅಲ್ಲವಾ?

— ಹಾಗಾದರೆ ನೀನು ಮುಂದೆ ಹೋಗು, ಎಡ ಬಲ ಅವರು ಹೇಳಲಿ.

— ತಪ್ಪು ಹೇಳಿದರೆ?

— ಗದ್ದೆಗೆ ಬೀಳ್ತೀಯ. ಈಗ ಕೆಸರು ಮೊಣಕಾಲುದ್ದ ಅಷ್ಟೇ.

— ನೀವು ನಕಾಶೆ ತರ್ತೀರಾ?

— ತರ್ತೀನಿ. ಮುಚ್ಚಿಹೋಗಿರೋ ಆ ಬಂಡಿ ದಾರಿ ಎಲ್ಲಿತ್ತು ಅಂತ ಮೊದಲು ಹುಡುಕಲಿ. ತಂತಿ ಹೊಡೆದಿರೋ ಯಜಮಾನನನ್ನೂ ಕರೆಯೋಣ. ಅವನದೂ ಒಂದು ವಾದ ಇದೆ, ತೆಗೆದುಹಾಕೋ ಹಾಗಿಲ್ಲ.

— ಏನಂತೆ?

— ನಡೆದರೆ ತಾನೆ ಸ್ವಾಮಿ ಅದು ದಾರಿ, ನಾನು ಬೇಲಿ ಹಾಕೋ ದಿನದವರೆಗೆ ನಿಮ್ಮಲ್ಲಿ ಯಾರು ನಡೆದಿದ್ದೀರಿ ತೋರಿಸಿ ಅಂತಾನೆ.

— ಅದಕ್ಕೆ ನೀವೇನಂದಿರಿ?

— ಇನ್ನೂ ಏನೂ ಅಂದಿಲ್ಲ. ಅದಕ್ಕೇ ನಿನ್ನ ಹುಡುಗರು ಬರಲಿ ಅಂತಿರೋದು.